ಗುನ್ವೋರ್ ಮುಟ್ಟದ ಸಾಲು

ಗುನ್ವೋರಳ ಅಜ್ಜ ಏನೊಕ್, ಸ್ಮೋಲಾಂಡ್ ಸೀಮೆಯ ಗಾಜಿನ ಕುಲುಮೆಯಲ್ಲಿ ಊದುಗೊಳವೆ ಹಿಡಿದವನು. ಸಾಸಿವೆಯಷ್ಟು ಗುಳ್ಳೆ ಕಂಡರೂ ಆ ಬಟ್ಟಲನ್ನು ಯಜಮಾನನ ಎದುರಿಗೇ ಒಡೆದು ಹಾಕುತ್ತಿದ್ದ. ತಾಯಿ ಸಿಗ್ನೆ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ಕೆಟ್ಟದ್ದನ್ನು ಬೇರೆ ಮಾಡುತ್ತ ಮೂವತ್ತು ವರ್ಷ ಸವೆಸಿದವಳು. ಒಮ್ಮೆ ವ್ಯಾಪಾರಿಯ ಆಣೆ ಪ್ರಮಾಣ ನಂಬದೆ ಗಾಡಿಗೆ ಗಾಡಿಯನ್ನೇ ಹಿಂದಕ್ಕೆ ಅಟ್ಟಿದ್ದಳು.

ಅಂಥವರ ಕುಡಿ ಗುನ್ವೋರ್, ಉಪ್ಸಾಲದ ಪ್ರಯೋಗಾಲಯದಲ್ಲಿ ಅದೇ ಮೊಟ್ಟೆಯ ಬಿಳಿಯಿಂದ ತೆಗೆದ ಪ್ರೋಟೀನು ಹೇಗೆ ಹರಳುಗಟ್ಟುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಡುತ್ತಿದ್ದಳು. ಅಲ್ಲಿನ ಮಸೂರ, ತಿರುಪು ರಿಪೇರಿ ಮಾಡುತ್ತಿದ್ದವನು ನಾನು.

ಅವಳ ತಟ್ಟೆಯಲ್ಲಿ ಎರಡು ಸಾಲು ಹನಿಗಳು. ಮೊದಲನೆಯದಕ್ಕೆ ಬೆಕ್ಕಿನ ಮೀಸೆಯ ಕೂದಲಿನಿಂದ ಹಳೆ ಹರಳಿನ ಪುಡಿ ಸವರುವಳು, ಹೊಸ ಹರಳು ಮೂಡಲು ಅದೇ ಬೀಜ. ಎರಡನೆಯದನ್ನು ಮುಟ್ಟುವಂತಿಲ್ಲ, ಬೀಜವಿಲ್ಲದ ಅಲ್ಲಿ ಏನೂ ಬೆಳೆಯಕೂಡದು. ಆ ವಸಂತದಲ್ಲಿ ಅಲ್ಲಿಯೂ ಹರಳು ಮೂಡತೊಡಗಿದವು. ಎರಡು ಸಾಲಿಗೂ ವ್ಯತ್ಯಾಸವೇ ಇಲ್ಲವೆಂದರೆ ಅವಳ ಮೂರು ವರ್ಷದ ಬರಹ ಕಸದ ಬುಟ್ಟಿಗೆ.

ಆ ವಸಂತಕ್ಕೇ ಬಂದಿದ್ದ ಹೊಸ ಮುಖ್ಯಸ್ಥ ಟೋರ್ಕೆಲ್, ಕೆಂಪು ಗಡ್ಡದವನು, ಕಾಫಿ ಹೊತ್ತಿನಲ್ಲಿ ಎಲ್ಲರೆದುರಿಗೇ ಕೆಣಕಿದ: “ಏನು ಗುನ್ವೋರ್, ನಿನ್ನ ಬೆಕ್ಕಿನ ಮೀಸೆ ಪಕ್ಕದ ಸಾಲಿಗೂ ನುಗ್ತಿದೆಯಂತೆ?”

“ಬೆಕ್ಕು ನುಗ್ಗಲ್ಲ, ಯಾವುದೋ ಹೆಗ್ಗಣ ನುಗ್ತಿದೆ,” ಎಂದು ಅವಳು ಏಲಕ್ಕಿ ಬನ್ನನ್ನು ಹರಿದಳು.

ಅಂದಿನಿಂದ ನೆಲ ಒರೆಸುವವಳನ್ನೂ ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಹನಿಯ ಮೇಲಿನ ಗಾಜನ್ನು ಅಂಟಿಸುವ ಗ್ರೀಸಿನಲ್ಲಿ ಉಗುರಿನ ಗುರುತು ಒತ್ತಿ ಮನೆಗೆ ಹೋಗುವಳು. ಮೂರನೆಯ ಬೆಳಿಗ್ಗೆ ಮುಟ್ಟದ ಸಾಲಿನ ಮೂರು ಗುರುತು ಅಳಿಸಿದ್ದವು.

ಆ ಮೂರು ಹನಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅದಾದ ನಾಲ್ಕನೆಯ ದಿನ ಹರಳು ಕಂಡವು. ಒಂದರಲ್ಲಿ ಅವು ಕೆಂಪು ಕೂದಲಿನ ತುಣುಕಿಗೆ ಇಬ್ಬನಿಯಂತೆ ಸಾಲುಗಟ್ಟಿ ಕೂತಿದ್ದವು. ಅವಳು ಟೋರ್ಕೆಲ್‌ನನ್ನು ಕರೆದಳು.

“ನೋಡು. ಗಡ್ಡ ಹಿಂದಕ್ಕೆ ಹಿಡ್ಕೊಂಡು ನೋಡು.”

ನೋಡಿದವನ ಮುಖ ಗಡ್ಡಕ್ಕಿಂತ ಕೆಂಪಾಯಿತು. “ಮುಟ್ಟದ ಸಾಲಲ್ಲಿ ಮೂಡಿದ ಹರಳನ್ನ ನೀನೇ ಕದ್ದು ತೆಗೀತಿದೀಯ ಅಂತ ಗುಮಾನಿ ಇತ್ತು. ಬಂದ ದಿನದಿಂದ ಆಗಾಗ ಗಾಜು ತೆಗೆದು ನೋಡ್ತಿದ್ದೆ.”

ಪಕ್ಕದ ಕೋಣೆಯಲ್ಲಿ ಅವನು ತನ್ನ ಪ್ರಯೋಗಕ್ಕೆಂದು ದಿನವಿಡೀ ಅದೇ ಹರಳು ಅರೆಯುತ್ತಿದ್ದ. ಆ ಪುಡಿ ಗಡ್ಡದಲ್ಲಿ ಮನೆ ಮಾಡಿಕೊಂಡಿತ್ತು. ಕಳ್ಳಿಯನ್ನು ಹಿಡಿಯಲು ಬಗ್ಗಿದಾಗಲೆಲ್ಲ ತಾನೇ ಬಿತ್ತಿ ಹೋಗಿದ್ದ.

“ತಪ್ಪು ನಂದೇ. ಎಲ್ಲ ಹನಿ ಮತ್ತೆ ಇಡೋಕೆ ನಾನೂ ಜೊತೆಗೆ ಕೂರ್ತೀನಿ. ಬೇಕಾದ್ರೆ ಗಡ್ಡ ಬೋಳಿಸ್ಕೊಂಡು ಬರ್ತೀನಿ.”

ಗುನ್ವೋರ್ ಹೊಸ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಯಾವ್ಯಾವ ದಿನ ಗಾಜು ತೆಗೆದೆ ಅಂತ ಬರೆದು, ಸಹಿ ಹಾಕಿ ಕೊಡು, ಅಷ್ಟು ಸಾಕು. ಹನಿ ನಾನೊಬ್ಳೇ ಇಡ್ತೀನಿ. ಗಡ್ಡ ಬೋಳಿಸಿದ್ರೂ ನಿನ್ನನ್ನ ಈ ಬಾಗಿಲೊಳಗೆ ಬಿಡೋಳಲ್ಲ ನಾನು.”