ಆಷಾಢದಲ್ಲಿ ಹುಟ್ಟಿದ ಬಳ್ಳಿ

ಸಂತೆಬಾಚಹಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ತಿಮ್ಮೇಶನಿಗೆ ಸುತ್ತಿನ ಊರುಗಳಲ್ಲಿ ಒಳ್ಳೆಯ ಹೆಸರು. ಅವನು ಮಾಡಿದ ಲಗ್ನಪತ್ರಿಕೆಗೆ ಕೆಟ್ಟ ಗಳಿಗೆ ಸೋಕುವುದಿಲ್ಲವಂತೆ. ಅನುಮಾನವಿದ್ದವರಿಗೆ ಫೈಲಿನ ಪ್ರಾಪರ್ಟೀಸ್ ತೆರೆದು, ಅದು ಹುಟ್ಟಿದ ಹೊತ್ತು, ಕೊನೆಗೆ ತಿದ್ದಿದ ಹೊತ್ತು ಎರಡನ್ನೂ ತೋರಿಸುತ್ತಾನೆ. ರಾಹುಕಾಲದ ಸುಳಿವೂ ಇರುವುದಿಲ್ಲ. ಇರುವುದಾದರೂ ಹೇಗೆ? ಕೆಲಸಕ್ಕೆ ಕೂರುವ ಮೊದಲು ಪಂಚಾಂಗ ನೋಡಿ, ಕಂಪ್ಯೂಟರಿನ ಗಡಿಯಾರವನ್ನೇ ತಿರುಗಿಸಿಕೊಳ್ಳುತ್ತಾನೆ. ಫೈಲು ಪಾಪದ್ದು, ಗಡಿಯಾರ ಏನು ಹೇಳಿತೋ ಅದನ್ನೇ ಬರೆದುಕೊಳ್ಳುತ್ತದೆ. ಜನರಿಗೆ ಸಮಾಧಾನ, ತನಗೆ ಕೆಲಸ, ಇದರಲ್ಲಿ ಯಾರಪ್ಪನ ಗಂಟು ಹೋಯಿತು ಎಂಬುದು ಅವನ ವಾದ.

ಈ ಸಲ ಆಷಾಢದಲ್ಲಿ ಪುಟ್ಟಗೌರಮ್ಮ ಬಂದರು. ಗದ್ದೆ, ಹಸು, ಮಾತು ಯಾವುದಕ್ಕೂ ಕೊರತೆಯಿಲ್ಲದ ಮನೆಯ ಹಿರಿಯಾಕೆ. ಶ್ರಾವಣದಲ್ಲಿ ಮಗಳ ಮದುವೆ. ಪತ್ರಿಕೆಗೆ ಇನ್ನೊಬ್ಬರಲ್ಲಿ ಇಲ್ಲದ ಅಂಚು ಬೇಕು. ಆದರೆ ಆಷಾಢದಲ್ಲಿ ಒಂದು ಗೆರೆಯನ್ನೂ ಎಳೆಯಕೂಡದು.

“ಶ್ರಾವಣದ ಮೊದಲ್ನೇ ಶುಕ್ರವಾರವೇ ಶುರು ಮಾಡ್ತೀನಿ ಕಣವ್ವ,” ಎಂದ ತಿಮ್ಮೇಶ. ಮಾರನೆಯ ದಿನವೇ ಗಡಿಯಾರವನ್ನು ಆ ಶುಕ್ರವಾರಕ್ಕೆ ತಿರುಗಿಸಿ ಕೂತ.

ಆದರೆ ಈ ಬಾರಿ ಕೆಲಸ ಅವನನ್ನು ಬಿಡಲಿಲ್ಲ. ಹೊಸಹೊಳಲಿಗೆ ಹೋಗಿ ದೇವಸ್ಥಾನದ ಗೋಡೆಯಲ್ಲಿ ಕೆತ್ತಿದ ಬಳ್ಳಿ ನೋಡಿ ಬಂದ. ಕೂತಾಗಲೆಲ್ಲ ಗಡಿಯಾರವನ್ನು ಅದೇ ಶುಕ್ರವಾರಕ್ಕೆ ತಿರುಗಿಸಿ ಅಂಚು ಬರೆದ, ಅಳಿಸಿದ, ಮತ್ತೆ ಹೋಗಿ ನೋಡಿದ. ಇಷ್ಟು ವರ್ಷ ಯಾರದೋ ಹೂವು, ಯಾರದೋ ಗಣಪತಿ ಅಂಟಿಸಿ ಬದುಕಿದವನಿಗೆ ಮೊದಲ ಸಲ ತನ್ನದೆನ್ನುವಂಥದ್ದು ಕೈಗೆ ಬಂದಿತ್ತು. ಹೆಂಡತಿ ಯಶೋಧಳಿಗೆ ತೋರಿಸುವಾಗ ಕಣ್ಣು ಒದ್ದೆಯಾಯಿತು. ಅಚ್ಚಿಗೆಂದು ಪೆನ್‌ಡ್ರೈವಿನಲ್ಲಿ ಹಾಕಿ ಕೆ.ಆರ್.ಪೇಟೆಯ ರವೀಂದ್ರನ ಪ್ರೆಸ್ಸಿಗೆ ಕೊಟ್ಟು, ಶ್ರಾವಣದವರೆಗೆ ಬಾಯಿ ಬಿಡಬೇಡ ಎಂದ.

ರವೀಂದ್ರ ಬಾಯಿ ಬಿಡಲಿಲ್ಲ. ಬಳ್ಳಿಯನ್ನು ತನ್ನ ಮಾದರಿ ಪತ್ರಿಕೆಗಳ ಜೊತೆ ಸೇರಿಸಿಕೊಂಡ, ಅಷ್ಟೇ.

ವಾರದೊಳಗೆ ಪುಟ್ಟಗೌರಮ್ಮ ಆ ಮಾದರಿಯನ್ನೇ ಹಿಡಿದು ತಿಮ್ಮೇಶನ ಅಂಗಡಿಗೆ ಬಂದರು. “ರವೀಂದ್ರ ಎಂಥಾ ಬಳ್ಳಿ ಬರ್ದವ್ನೆ ನೋಡ್ಲಾ! ಶ್ರಾವಣದಲ್ಲಿ ಇದ್ನೇ ಒಸ್ದಾಗಿ ಬರ್ದುಕೊಡ್ತಾನಂತೆ, ಪತ್ರಿಕೆ ಅವನ್ಗೇ ಕೊಟ್ಬುಡ್ತೀನಿ.”

ತಿಮ್ಮೇಶ ಮಾದರಿಯನ್ನು ಕಿತ್ತುಕೊಂಡ. “ಅದು ನಂದು ಕಣವ್ವ! ಕಳ್ಳ ಅವ್ನು, ನಕಲು ಮಾಡವ್ನೆ!”

“ಅಂಗಾರೆ ನಡಿ, ಅಲ್ಲೇ ಕೇಳಾನ.”

ರವೀಂದ್ರ ಜಗ್ಗಲಿಲ್ಲ. ತನ್ನ ಕಂಪ್ಯೂಟರಿನಲ್ಲಿ ಫೈಲು ತೆರೆದು ತೋರಿಸಿದ: ಹುಟ್ಟಿದ್ದು ಕಳೆದ ಮಂಗಳವಾರ. “ನೋಡ್ರವ್ವ, ಇಲ್ಲೇ ಉಟ್ಟೈತೆ.”

“ಅದು ನೀನು ನಕಲು ಮಾಡ್ಕಂಡ ದಿನ ಕಣ್ಲಾ,” ಎಂದ ತಿಮ್ಮೇಶ. “ನಕಲು ಮಾಡುದ್ರೆ ಉಟ್ಟಿದ ದಿನ ಒಸದಾಯ್ತದೆ, ತಿದ್ದಿದ ದಿನ ಅಳೇದೇ ಉಳೀತದೆ. ಕೆಳ್ಗಡೆ ಸಾಲು ಓದು.”

ಕೆಳಗಡೆ ಸಾಲಿನಲ್ಲಿ ಇನ್ನೂ ಬಾರದ ಶ್ರಾವಣದ ಮೊದಲ ಶುಕ್ರವಾರವಿತ್ತು. ಮಂಗಳವಾರ ಹುಟ್ಟಿದ್ದನ್ನು ಮುಂದಿನ ತಿಂಗಳು ತಿದ್ದಿದ್ದು ಹೇಗೆಂದು ರವೀಂದ್ರನಿಗೆ ಹೇಳಲಾಗಲಿಲ್ಲ. ವೈರಸ್ಸಿರಬೇಕು ಎಂದು ಗೊಣಗಿದ.

ಹೇಳಬಲ್ಲವನು ಒಬ್ಬನೇ. ಹೇಳಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ತಿಮ್ಮೇಶ ಪರದೆಯ ಮೇಲಿನ ಬಳ್ಳಿಯನ್ನು ನೋಡಿದ. ಆಮೇಲೆ ಗಡಿಯಾರ ತಿರುಗಿಸಿದ್ದನ್ನೆಲ್ಲ ಹೇಳಿಬಿಟ್ಟ.

ಪುಟ್ಟಗೌರಮ್ಮ ಸೊಂಟದ ಮೇಲೆ ಕೈ ಇಟ್ಟರು. “ಅಂಗಾರೆ ನನ್ ಮಗಳ ಪತ್ರಿಕೆ ಆಸಾಡದಲ್ಲೇ ಆಗೋಗೈತಾ? ಬಳ್ಳಿ ನಿಂದೇ ಕಣ್ಲಾ, ಒಪ್ಕಂಡೆ. ಇವ್ನು ಕಳ್ಳ, ನೀನು ಸುಳ್ಳ. ಆದ್ರೆ ಆಸಾಡದ್ದು ನಮ್ಮನೇಗೆ ಬ್ಯಾಡ.”

ಗೆದ್ದ ಬಳ್ಳಿ ಕೈತಪ್ಪಿತೆಂದು ತಿಮ್ಮೇಶನ ಮುಖ ಬಾಡಿತು. ಬಾಗಿಲವರೆಗೆ ಹೋದ ಪುಟ್ಟಗೌರಮ್ಮ ನಿಂತು ತಿರುಗಿದರು.

“ನಕಲು ಮಾಡುದ್ರೆ ಉಟ್ಟಿದ ದಿನ ಒಸದಾಯ್ತದೆ ಅಂದ್ಯಲ್ಲ, ಅದಾದ್ರೂ ದಿಟವಾ?”

“ದಿಟ ಕಣವ್ವ.”

“ಅಂಗಾರೆ ಶ್ರಾವಣದ ಆ ಶುಕ್ರವಾರ ನಿನ್ ಅಂಗಡಿಗೇ ಬತ್ತೀನಿ. ನನ್ ಕಣ್ಮುಂದೆ ಒಂದು ನಕಲು ಮಾಡು, ಆ ನಕಲೇ ನಮ್ ಪತ್ರಿಕೆ. ಗಡಿಯಾರ ಮುಟ್ಟುದ್ರೆ ಕೈ ಮುರ್ದಾಕ್ತೀನಿ.”

ನಕಲು ಎಂಬ ಮಾತಿಗೆ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದಿದ್ದ ತಿಮ್ಮೇಶ, ಆಗಲವ್ವ ಎಂದು ತಲೆಯಾಡಿಸಿದ.