ಸಿರಿಯ ದಪ್ಪ ರೊಟ್ಟಿ

ಐದು ವರ್ಷದವನಿದ್ದಾಗ ನಾನು ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ಆ ರೊಟ್ಟಿಯೋ, ಹೇಳಿ ಹೇಳಿ ಸವೆದ ಈ ಮಾತೋ ತಿಳಿಯದು.

ಈ ಸಲ ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಹೊಸಪೇಟೆಯ ನಮ್ಮ ಅಡುಗೆಮನೆಯಲ್ಲಿ ಆ ಮಾತು ಮತ್ತೆ ಬೇಕಾಯಿತು. ಮರುದಿನ ಸಂಡೂರು, ಮೆಟ್ರಿ ಕಡೆಯ ನೆಂಟರೂ ನಾವೂ ಹಂಪಿಯ ಹೊಳೆದಂಡೆಯಲ್ಲಿ ಸೇರಿ ಬುತ್ತಿ ಬಿಚ್ಚುವವರಿದ್ದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಐದು ವರ್ಷದ ಮಗಳು ಸಿರಿಗೆ ಎಳ್ಳು ಉದುರಿಸುವ ಕೆಲಸ ಸಿಕ್ಕಿತ್ತು. ಮಕ್ಕಳಿಗೆಂದೇ ಮೀಸಲಾದ ಕೆಲಸ ಅದು. ಅವಳು ಒಂದೇ ರೊಟ್ಟಿಗೆ ಬೊಗಸೆ ಎಳ್ಳು ಸುರಿದು ಆ ಹುದ್ದೆಗೆ ರಾಜೀನಾಮೆ ಕೊಟ್ಟಳು. ಅವಳಿಗೆ ಬೇಕಾದದ್ದು ಬಡಿಯುವ ಕೆಲಸ.

"ಬಡೀಲಿ ಬಿಡವ್ವ. ನಾನೂ ಈ ವಯಸ್ಸಿಗೆ ಬಡೀತಿದ್ನಲ್ಲ."

"ನೀ ಎಲ್ಲಿ ಬಡದಿಯೋ? ಹಸಿ ಹಿಟ್ಟು ತಿಂದು, ಹೊಟ್ಟಿ ನೋವಂತ ಅಡ್ಡ ಬಿದ್ದಿದ್ದಿ. ಬಡದಾಕಿ ನಿಮ್ಮಕ್ಕ," ಎಂದಳು ಅವ್ವ.

ಸಂಡೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ನಾ ಬಡದಿದ್ನೋ ಇಲ್ಲೋ ನೆನಪಿಲ್ಲಪ್ಪ. ಆದ್ರ ನೀನಂತೂ ಅಲ್ಲ," ಎಂದಳು.

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಇಬ್ಬರು ಬೇರೆ ಬೇರೆ ಸಾಕ್ಷಿಗಳು ಒಂದೇ ಮಾತು ಹೇಳಿದರೆ ಒಪ್ಪಬೇಕು ಎಂದು ಊರಿಗೆಲ್ಲ ಉಪದೇಶ ಮಾಡಿದವನು. ಆದರೂ ಬಿಸಿ ಹಿಟ್ಟು ಅಂಗೈಗೆ ಅಂಟಿದ್ದು ನೆನಪಿದೆಯಲ್ಲ! ಹಂಪಿಯ ಶಾಸನಗಳು ಗುಡಿಗೆ ದಾನ ಕೊಟ್ಟವರ ಹೆಸರು ಹೇಳುತ್ತವೆ. ಕಲ್ಲು ಕಡೆಯುವ ಅಪ್ಪನಿಗೆ ನೀರು ತಂದುಕೊಟ್ಟ ಮಗುವಿನ ಹೆಸರು ಹೇಳುವುದಿಲ್ಲ. ಹಾಗೆಂದು ನೀರು ಬರಲೇ ಇಲ್ಲವೇ? ಈ ವಾದವನ್ನು ಅವ್ವನ ಮುಂದಿಟ್ಟೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಕೊನೆಗೆ ಸಿರಿಗೆ ಒಂದು ಮುದ್ದೆ ಹಿಟ್ಟು ಸಿಕ್ಕಿತು, ಷರತ್ತಿನೊಂದಿಗೆ. "ಬುತ್ತಿಯೊಳಗ ಮಾತ್ರ ಇಡಂಗಿಲ್ಲ. ಮಂದಿ ನಗ್ತಾರ."

ಅವ್ವನ ರೊಟ್ಟಿಗಳು ಹಂಚಿನ ಮೇಲೆಯೇ ಗರಿಗರಿಯಾದವು. ಸಿರಿಯದು ಚಪ್ಪಲಿಯ ಅಟ್ಟೆಯಷ್ಟು ದಪ್ಪ, ಯಾವ ಭೂಪಟದಲ್ಲೂ ಇಲ್ಲದ ದೇಶದ ಆಕಾರ. ಬೆಳಿಗ್ಗೆ ಅದನ್ನು ಟವೆಲಿನಲ್ಲಿ ಸುತ್ತಿ ಕದ್ದು ಒಯ್ದವನು ನಾನೇ.

ಹೊಳೆದಂಡೆಯಲ್ಲಿ ಎಲ್ಲರೂ ಕಟಕಟ ರೊಟ್ಟಿ ಮುರಿಯುತ್ತಿರುವಾಗ ಸಿರಿ ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತಳು. ಒಬ್ಬರೂ ಮುರಿದುಕೊಳ್ಳಲಿಲ್ಲ. ಅಕ್ಕನ ಮಗ, "ಲೇ, ಇದು ರೊಟ್ಟಿ ಅಲ್ಲ, ಹಂಪಿ ಕಲ್ಲು!" ಎಂದ. ಎಲ್ಲರೂ ನಕ್ಕರು. ಸಿರಿಯ ಕೆಳತುಟಿ ಮುಂದೆ ಬಂತು. ಕದ್ದು ತಂದದ್ದು ತಪ್ಪಾಯಿತೇನೋ ಎಂದುಕೊಂಡೆ.

ಆಗ ಮೆಟ್ರಿಯ ಸೋದರತ್ತೆ ಕೈ ನೀಡಿದರು. ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು. ಅಷ್ಟು ಹೊತ್ತೂ ರೊಟ್ಟಿಯ ಚೂರನ್ನು ಮೊಸರಿನಲ್ಲಿ ಅದ್ದಿ, ನೆನೆಯಲೆಂದು ಕಾಯುತ್ತ ಕೂತಿದ್ದರು. ಸಿರಿಯ ರೊಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು. ದಪ್ಪಗಿದ್ದುದರಿಂದಲೇ ಅದು ನಡುವೆ ಮೆತ್ತಗೆ ಉಳಿದಿತ್ತು.

"ಮಸ್ತ್ ಐತಿ ತಾಯಿ. ನಿಮ್ಮಜ್ಜಿ ರೊಟ್ಟಿ ನೆನಿಯೋತನಕ ನನ್ನ ಜೀವ ಇರ್ತದೋ ಇಲ್ಲೋ!" ಎಂದು ಬದನೆಕಾಯಿ ಪಲ್ಯ ಹಚ್ಚಿಕೊಂಡು ಅಷ್ಟನ್ನೂ ತಿಂದರು. ಕೊನೆಯ ತುತ್ತಿಗೆ, "ನಿಮ್ಮಪ್ಪನೂ ಹಿಂಗ ದಪ್ಪ ಬಡೀತಿದ್ದ," ಎಂದರು.

ನಾನು ಗೆದ್ದವನಂತೆ ಅವ್ವನ ಕಡೆ ನೋಡಿದೆ. ಅಷ್ಟರಲ್ಲಿ ಅತ್ತೆ ನನ್ನನ್ನು ತೀರಿಹೋದ ನಮ್ಮಪ್ಪನ ಹೆಸರು ಹಿಡಿದು ಕರೆದು, ಇನ್ನಷ್ಟು ಪಲ್ಯ ಕೇಳಿದರು. ನನ್ನ ಏಕೈಕ ಸಾಕ್ಷಿಯೂ ಬಿದ್ದುಹೋಯಿತು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಕಮಲಾಪುರದ ಮಾರ್ಗವಾಗಿ ಬಸ್ಸಿನಲ್ಲಿ ವಾಪಸು ಬರುವಾಗ ಸಿರಿ ಪಕ್ಕದ ಸೀಟಿನ ಹೆಂಗಸಿಗೆ, "ಇವತ್ತಿನ ರೊಟ್ಟಿ ಎಲ್ಲಾ ನಾನೇ ಬಡದಿದ್ದು," ಎಂದು ಹೇಳುತ್ತಿದ್ದಳು. ಆಕೆ ನಂಬಲಿಲ್ಲವೆಂದು ಸಿರಿಗೆ ಅನಿಸಿರಬೇಕು, ನನ್ನ ಕಡೆ ತಿರುಗಿದಳು. "ಹೌದಲ್ಲಪ್ಪಾ?"

ನಾನು ಗಂಭೀರವಾಗಿ ತಲೆಯಾಡಿಸಿದೆ.

ನಾನು ಐದು ವರ್ಷದವನಿದ್ದಾಗ ನನ್ನ ಪರವಾಗಿ ಹೀಗೆ ತಲೆಯಾಡಿಸಿದವರು ಯಾರಿರಬಹುದು? ಅಪ್ಪನೇ ಇರಬೇಕು. ಖಾತ್ರಿಯಿಲ್ಲ.