ಹಲಸು ಬೇಡ ಎಂದ ವೆಬ್‌ಸೈಟು

ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೆಲವರು ರಾಶಿಫಲ ನೋಡುತ್ತಾರೆ, ಕೆಲವರು ಚಿನ್ನದ ದರ ನೋಡುತ್ತಾರೆ. ನಾನು ಫೋನಿನ ಸರ್ಚಿನಲ್ಲಿ ‘ಹೊಸೂರು ಹಲಸಿನ ಸಸಿ’ ಎಂದು ಹಾಕಿ, ನಮ್ಮ ಪುಟ ಎಷ್ಟನೆಯದಾಗಿ ಬರುತ್ತದೆ ಎಂದು ನೋಡುತ್ತೇನೆ. ನಿಮಗೆ ನಗು ಬರಬಹುದು. ನನಗೂ ಬರುತ್ತದೆ, ಆದರೆ ಪುಟ ಮೇಲಿದ್ದ ದಿನ ಮಾತ್ರ.

ಪುಟ ನನ್ನ ತಮ್ಮ ಮುನಿರಾಜುವಿನ ನರ್ಸರಿಯದು, ಬರಹ ನನ್ನದು. ಹಾಗೆಂದು ನಾನು ಸಾಹಿತಿಯೇನೂ ಅಲ್ಲ. ಮತ್ತಿಗಿರಿಯಿಂದ ದಿನಾ ಕಂಪನಿ ಬಸ್ಸು ಹತ್ತಿ, ಹೊಸೂರಿನ ಒಂದು ಬಿಡಿಭಾಗಗಳ ಫ್ಯಾಕ್ಟರಿಯ ಕ್ವಾಲಿಟಿ ಸೆಕ್ಷನ್ನಿನಲ್ಲಿ ಕೂತು, ಒಂದು ಬುಷ್ಷು, ಎಂದರೆ ಯಂತ್ರಕ್ಕೆ ಹಾಕುವ ಲೋಹದ ಬಳೆ, ಇನ್ನೊಂದು ಬುಷ್ಷಿನ ಹಾಗೆಯೇ ಇದೆಯೇ ಎಂದು ನೋಡಿ ನೋಡಿ ರಿಟೈರಾದವಳು. ಒಂದರಂತೆ ಇನ್ನೊಂದಿದ್ದರೆ ಪಾಸು, ಕೂದಲೆಳೆಯಷ್ಟು ಬೇರೆಯಾಗಿದ್ದರೆ ಕೆಂಪು ಡಬ್ಬಿ. ಇಂಥವಳನ್ನು ಬರೆಯಲು ಕೂರಿಸಿದ್ದಕ್ಕೆ ಕಾರಣ ಒಂದೇ, ನಮ್ಮ ಮನೆಯಲ್ಲಿ ಪೂರ್ತಿ ವಾಕ್ಯ ಬರೆಯುವ ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ.

ಮೊದಲು ನರ್ಸರಿ ಮತ್ತಿಗಿರಿಯಲ್ಲಿ ರಸ್ತೆ ಪಕ್ಕದ ಬಾಡಿಗೆ ಜಾಗದಲ್ಲಿತ್ತು. ಗಾಡಿಯಲ್ಲಿ ಹೋಗುವವರು ಕಣ್ಣಿಗೆ ಬಿದ್ದ ಗಿಡ ನೋಡಿ ಬ್ರೇಕು ಹಾಕುತ್ತಿದ್ದರು. ಆ ಜಾಗ ಲೇಔಟ್ ಆಯಿತು. ತಮ್ಮ ಗಿಡಗಳನ್ನೆಲ್ಲ ಗುಮ್ಮಳಾಪುರದ ಸ್ವಂತ ಜಮೀನಿಗೆ ಸಾಗಿಸಿದ. ಜಮೀನು ಚೆನ್ನಾಗಿದೆ, ನೀರಿದೆ, ನೆರಳಿದೆ, ಒಂದು ಆಳೆತ್ತರದ ಫಲಕವೂ ಇದೆ. ಆ ಫಲಕವನ್ನು ಓದಲು ಆ ದಾರಿಯಲ್ಲಿ ಹೋಗುವವರೇ ಇಲ್ಲ. ಹಾಗಾಗಿ ಸರ್ಚಿನಲ್ಲಿ ಕಂಡರೆ ನಮ್ಮ ನರ್ಸರಿ ಇದೆ, ಕಾಣದಿದ್ದರೆ ಇಲ್ಲ.

ಮುನಿರಾಜುವಿನ ವ್ಯಾಪಾರದ ರೀತಿಯನ್ನು ಸ್ವಲ್ಪ ಹೇಳಬೇಕು. ಗಿಡ ಕೇಳಿಕೊಂಡು ಬಂದವರಿಗೆ ಅವನು ಗಿಡ ತೋರಿಸುವುದಿಲ್ಲ. ಮೊದಲು ‘ಯಾವೂರು?’ ಎನ್ನುತ್ತಾನೆ. ಆಮೇಲೆ ಮಣ್ಣು ಕೆಂಪೋ ಕಪ್ಪೋ, ಬೋರಿನಲ್ಲಿ ನೀರು ಯಾವ ತಿಂಗಳವರೆಗೆ, ಆನೆ ಬರುತ್ತದೋ ಇಲ್ಲವೋ. ಹೆಣ್ಣು ಕೊಡುವವರೂ ಗಂಡಿನ ಕಡೆ ಇಷ್ಟು ವಿಚಾರಿಸುವುದಿಲ್ಲ. ಕಾಡಂಚಿನ ಜವಳಗಿರಿ ಕಡೆಯವರು ಹಲಸಿನ ಸಸಿ ಕೇಳಿದರಂತೂ ಕೊಡುವುದೇ ಇಲ್ಲ. ಹಣ್ಣಿನ ವಾಸನೆ ಹಿಡಿದು ಆನೆ ಬಂತೆಂದರೆ ಮರದ ಜೊತೆಗೆ ಬೇಲಿ ಹೋಗುತ್ತದೆ, ಬಾಳೆ ಹೋಗುತ್ತದೆ, ಕೆಲವೊಮ್ಮೆ ಮನೆಯ ಗೋಡೆಯೂ ಹೋಗುತ್ತದೆ.

ಅವನು ಹೇಳುವುದನ್ನು ನಾನು ಹಾಗೆಯೇ ಬರೆದೆ. ‘ಜವಳಗಿರಿ ಕಡೆಯವರು ನಮ್ಮಲ್ಲಿ ಹಲಸು ಕೊಳ್ಳಬೇಡಿ. ಬೇರೆ ಕಡೆಯೂ ಕೊಳ್ಳಬೇಡಿ’ ಎಂದು ಪುಟದ ತಲೆಗೇ ಹಾಕಿದೆ. ಮಾಲು ಮಾರಲು ಕೂತವರು ಹೀಗೆ ಬರೆದದ್ದು ಜನಕ್ಕೆ ಸೋಜಿಗವಾಗಿರಬೇಕು. ಒಬ್ಬರು ಇನ್ನೊಬ್ಬರಿಗೆ ಕಳಿಸಿದರು, ರೈತರ ಗ್ರೂಪುಗಳಲ್ಲೆಲ್ಲ ಓಡಾಡಿತು. ಪುಟ ನಿಧಾನವಾಗಿ ಮೇಲೇರಿ ಒಂದು ದಿನ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಸರ್ವೀಸು ಪೂರ್ತಿ ಒಂದು ಪ್ರಮೋಷನ್ನಿಗೆ ಕಾದವಳಿಗೆ ಹೇಗಾಗಿರಬೇಡ, ನೀವೇ ಹೇಳಿ.

ಆಗ ನನ್ನ ಸೊಸೆ ದಿವ್ಯಾ ನಡುವೆ ಬಂದಳು. ಸೊಸೆ ಎಂದರೆ ಮಗನ ಹೆಂಡತಿಯಲ್ಲ, ಮುನಿರಾಜುವಿನ ಮಗಳು. ವಾರವೆಲ್ಲ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡಿ, ಭಾನುವಾರ ಅಪ್ಪನ ವೆಬ್‌ಸೈಟು ನೋಡಿಕೊಳ್ಳುತ್ತಾಳೆ. ಒಂದು ಪುಟದಿಂದ ಇಷ್ಟಾದರೆ ಮುನ್ನೂರು ಪುಟದಿಂದ ಎಷ್ಟಾಗಬಹುದು ಎಂಬ ಲೆಕ್ಕ ಅವಳ ತಲೆಗೆ ಹೊಕ್ಕಿತು. ಕೇಳಿದ್ದನ್ನು ಬರೆದುಕೊಡುವ ಎಐ ಬಂದಿದೆಯಲ್ಲ, ಅದಕ್ಕೆ ಒಂದು ಭಾನುವಾರ ಬೆಳಿಗ್ಗೆ ಕೆಲಸ ಹಚ್ಚಿದಳು. ನಾನು ಒಂದು ಪುಟ ಬರೆಯಲು ತೆಗೆದುಕೊಂಡ ಹೊತ್ತಿನಲ್ಲಿ ಅದು ಗುಲಾಬಿ, ಮಾವು, ನಿಂಬೆ, ಗೊಬ್ಬರ, ಗೆದ್ದಲು, ಎಲ್ಲದರ ಮೇಲೂ ಕನ್ನಡದಲ್ಲೊಂದು ತಮಿಳಿನಲ್ಲೊಂದು ಪ್ರಬಂಧ ಬರೆದು, ಇನ್ನೇನಾದರೂ ಬೇಕೇ ಎಂದು ವಿನಯದಿಂದ ಕೇಳಿತು. ಫ್ಯಾಕ್ಟರಿಯಲ್ಲಿ ಇಂಥ ಕೆಲಸಗಾರ ಒಬ್ಬನೂ ನನಗೆ ಸಿಕ್ಕಿರಲಿಲ್ಲ.

ಬರಹವೂ ಅಚ್ಚುಕಟ್ಟು. ‘ಇಂದಿನ ಧಾವಂತದ ಬದುಕಿನಲ್ಲಿ ಗುಲಾಬಿ ಗಿಡದ ಮಹತ್ವ ಅಪಾರ’ ಎಂದು ಶುರು. ಗುಲಾಬಿಯ ಜಾಗದಲ್ಲಿ ಗೆದ್ದಲು ಹಾಕಿದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ. ಇದರಲ್ಲಿ ಹೊಸದೇನೂ ಇಲ್ಲ ಬಿಡಿ. ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆಗೆ ಇಂಥದೇ ಸಿದ್ಧ ಮ್ಯಾಟರು ಇಟ್ಟಿರುತ್ತಾರೆ. ಹುಡುಗ, ಹುಡುಗಿ, ಛತ್ರ ಬದಲಾಗುತ್ತವೆ, ‘ತಾವು ಸಕುಟುಂಬ ಪರಿವಾರ ಸಮೇತರಾಗಿ’ ಅಲ್ಲಾಡುವುದಿಲ್ಲ. ಅದನ್ನು ಓದಿ ಯಾರೂ ಮದುವೆಗೆ ಹೋಗುವುದಿಲ್ಲ, ಹೋಗಬೇಕಾದವರು ಓದದೆಯೇ ಹೋಗುತ್ತಾರೆ. ಗಂಡಿನ ಅಪ್ಪನ ಹೆಸರು ಸರಿ ಇದೆಯೇ ಎಂದಷ್ಟೇ ನೋಡುತ್ತಾರೆ. ಸಸಿ ಕೊಳ್ಳುವವರು ಹಾಗಲ್ಲ, ನಿಜಕ್ಕೂ ಓದುತ್ತಾರೆ ಎನ್ನುವುದು ಆಗ ನಮಗೆ ಹೊಳೆಯಲಿಲ್ಲ.

ಓದಿ ನೋಡುವ ಜವಾಬ್ದಾರಿಯನ್ನು ದಿವ್ಯಾ ನನಗೇ ಒಪ್ಪಿಸಿದಳು. ಕ್ವಾಲಿಟಿಯವರು ಮನೆಯಲ್ಲೇ ಇರುವಾಗ ಹೊರಗೆ ಯಾಕೆ ಹುಡುಕಬೇಕು? ನಾನು ನನಗೆ ಗೊತ್ತಿದ್ದ ಶಾಸ್ತ್ರದ ಪ್ರಕಾರವೇ ನೋಡಿದೆ. ಫ್ಯಾಕ್ಟರಿಯಲ್ಲಿ ಒಂದು ಲಾಟಿನ ಎಲ್ಲ ಬುಷ್ಷನ್ನೂ ಯಾರು ಅಳೆಯುತ್ತಾರೆ? ನಾಲ್ಕೈದು ಎತ್ತಿ ಅಳೆಯುವುದು, ಅವು ಸರಿ ಇದ್ದರೆ ಇಡೀ ಲಾಟು ಪಾಸು. ಪ್ರಬಂಧಗಳಲ್ಲೂ ನಾಲ್ಕೈದು ಎತ್ತಿದೆ. ಎತ್ತಿದ್ದೆಲ್ಲವೂ ಗುಲಾಬಿಯ ಮೇಲಿನವೇ ಆಗಿದ್ದವು, ಒಂದರ ಹಾಗೆಯೇ ಇನ್ನೊಂದಿದ್ದವು. ನನಗೆ ಬಹಳ ಸಂತೋಷವಾಯಿತು. ಇಡೀ ಲಾಟನ್ನು ಪಾಸು ಮಾಡಿ ಮಧ್ಯಾಹ್ನದ ನಿದ್ದೆಗೆ ಹೋದೆ.

ಮೊದಲ ಕೆಲವು ವಾರ ಏರಿದ್ದೇ ಏರಿದ್ದು. ಹಲಸಿಗೆ ಮಾತ್ರ ಮೇಲಿದ್ದವರು ನಿಂಬೆಗೂ ಮೇಲೆ ಬಂದೆವು, ಗೆದ್ದಲಿಗೂ ಬಂದೆವು. ದಿವ್ಯಾ ಫೋನು ಹಿಡಿದು ಓಡಾಡುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ, ನಾನೂ ನರ್ಸರಿಯಲ್ಲಿದ್ದಾಗ, ಜವಳಗಿರಿಯಿಂದ ಮಾದಪ್ಪ ಎಂಬವನು ಟೆಂಪೋ ಮಾಡಿಕೊಂಡು ಬಂದ. ಹೊಲದ ಸುತ್ತ ಹಾಕಲು ಒಂದು ಲೋಡು ಹಲಸಿನ ಸಸಿ ಬೇಕು ಎಂದ.

ಮುನಿರಾಜು ತಮಾಷೆ ಎಂದುಕೊಂಡ. “ಆನೆ ಏನು ನಿಮ್ ನೆಂಟ್ರೇನಪ್ಪ, ಕರ್ದು ಊಟಕ್ಕಿಕ್ಕಕ್ಕೆ?” ಎಂದು ನಕ್ಕ.

ಮಾದಪ್ಪ ನಗಲಿಲ್ಲ. ಫೋನು ತೆಗೆದು ನಮ್ಮದೇ ಪುಟ ತೋರಿಸಿದ. ‘ಹೊಲದ ಸುತ್ತ ದಟ್ಟವಾಗಿ ಹಲಸು ಬೆಳೆಸಿದರೆ ಕಾಡಾನೆಗಳಿಂದ ನೈಸರ್ಗಿಕ ರಕ್ಷಣೆ ದೊರೆಯುತ್ತದೆ’ ಎಂದು ಅಲ್ಲಿತ್ತು. ಕೆಳಗೆ ಮುನಿರಾಜುವಿನ ಹೆಸರು, ಪಕ್ಕದಲ್ಲಿ ಕಸಿ ಮಾಡುತ್ತಾ ಕೂತಿರುವ ಅವನ ಫೋಟೋ.

“ಆನೆ ಹಲಸಿಗೆ ಬತ್ತದೆ ಅಂತ ನಮ್ಗೂ ಗೊತ್ತಣ್ಣ,” ಎಂದ ಮಾದಪ್ಪ. “ನೀವೇ ಬರ್ದಿದ್ದೀರಲ್ಲ, ಆನೆ ಮುಟ್ದೆ ಇರೋ ಹೊಸ ತಳಿ ಏನೋ ಬಂದಿರ್ಬೇಕು ಅನ್ಕೊಂಡೆ.”

ಮುನಿರಾಜು ಅವನಿಗೆ ಸಸಿ ಕೊಡಲಿಲ್ಲ. ಬರೆದದ್ದು ತಪ್ಪು ಎಂದು ಹೇಳಿ, ಎಳನೀರು ಕುಡಿಸಿ, ಖಾಲಿ ಟೆಂಪೋ ಕಳಿಸಿದ. ಆಮೇಲೆ ಮಣ್ಣಿನ ಗುಡ್ಡೆಯ ಮೇಲೆ ಕೂತ. “ನಾನು ಬೇಡ ಅಂದಿದ್ನ ನಂಬ್ತಿದ್ರು ಅಕ್ಕ. ಈಗ ನೆಡಿ ಅಂದಿದ್ನೂ ನಂಬವ್ರೆ. ನಂಗೆ ಅದೇ ಭಯ,” ಎಂದ. ನನಗೆ ತಲೆ ಎತ್ತಲಾಗಲಿಲ್ಲ. ನಾನು ಪಾಸು ಮಾಡಿದ ಲಾಟು ಅದು.

ಸಂಜೆ ದಿವ್ಯಾ ಬಂದ ಮೇಲೆ ವಾದವಾಯಿತು. ಆನೆಗೂ ಹಲಸಿಗೂ ಇರುವ ಸಂಬಂಧ ಅವಳಿಗೂ ಗೊತ್ತು, ಈ ಕಡೆ ಹುಟ್ಟಿದ ಮಕ್ಕಳೆಲ್ಲರಿಗೂ ಗೊತ್ತು. ಆ ಪುಟವನ್ನು ಅವಳು ಓದಿರಲಿಲ್ಲ ಅಷ್ಟೆ. ಹಲಸಿನ ಪುಟ ಒಂದನ್ನು ತೆಗೆದರೆ ಸಾಕು ಎಂದು ಅವಳು, ಎಲ್ಲವನ್ನೂ ತೆಗೆಯಬೇಕು ಎಂದು ಅವಳಪ್ಪ. ಎಲ್ಲ ತೆಗೆದರೆ ಸರ್ಚಿನಲ್ಲಿ ಬಿದ್ದುಹೋಗುತ್ತೇವೆ, ಆಮೇಲೆ ಗುಮ್ಮಳಾಪುರಕ್ಕೆ ಯಾರು ಹುಡುಕಿಕೊಂಡು ಬರುತ್ತಾರೆ ಎಂದು ಅವಳು ಕೇಳಿದ್ದು ಸುಳ್ಳಲ್ಲ.

ನಾವು ತೀರ್ಮಾನಿಸುವ ಮೊದಲೇ ಸರ್ಚು ತೀರ್ಮಾನಿಸಿತು. ಆ ತಿಂಗಳೇ ಪುಟಗಳೆಲ್ಲ ಒಂದೊಂದಾಗಿ ಇಳಿದು, ನಾನು ಬೆರಳು ನೋಯುವಷ್ಟು ಕೆಳಗೆ ಸರಿಸಿದರೂ ಕಾಣದ ಜಾಗಕ್ಕೆ ಹೋದವು. ದಿವ್ಯಾ ಅಲ್ಲಿ ಇಲ್ಲಿ ಓದಿ ಬಂದು ವಿವರಿಸಿದಳು. ಬರೆದದ್ದು ಮನುಷ್ಯನೋ ಯಂತ್ರವೋ ಎನ್ನುವುದು ಸರ್ಚಿಗೆ ದೊಡ್ಡ ವಿಷಯವಲ್ಲವಂತೆ. ಓದಿದವರಿಗೆ ಅದರಿಂದ ಏನಾದರೂ ಸಿಕ್ಕಿತೇ, ಅಥವಾ ಬರೀ ಮೇಲೆ ಬರಲಿಕ್ಕೆಂದೇ ಒಂದರಂತೆ ಇನ್ನೊಂದನ್ನು ರಾಶಿ ಹಾಕಿದ್ದೋ ಎಂದು ನೋಡುತ್ತದಂತೆ. ರಾಶಿ ಕಂಡರೆ ಇಡೀ ಸೈಟಿನ ಮೇಲೇ ನಂಬಿಕೆ ಕಡಿಮೆಯಾಗುತ್ತದಂತೆ. ಎಂದರೆ ನನ್ನ ಹಳೆಯ ಪುಟವೂ ಹೋಯಿತು. ಸರ್ವೀಸು ಪೂರ್ತಿ ನಾನು ಯಾವುದಕ್ಕೆ ಪಾಸು ಕೊಟ್ಟೆನೋ, ಅದಕ್ಕೇ ಇಲ್ಲಿ ಕೆಂಪು ಡಬ್ಬಿ.

ನರ್ಸರಿಯ ಫೋನು ಸುಮ್ಮನಾಯಿತು. ಸಸಿಗಳಿಗೆ ಸರ್ಚಿನ ಸುದ್ದಿ ಗೊತ್ತಿಲ್ಲ, ಅವು ಬೆಳೆಯುತ್ತಲೇ ಇದ್ದವು. ಮಾವಿನ ಕಸಿಗಳ ಬೇರು ಕವರಿನ ತಳ ಸೀಳಿ ನೆಲಕ್ಕಿಳಿಯತೊಡಗಿತು. ಬೇರು ನೆಲ ಹಿಡಿಯದಿರಲೆಂದು ಮುನಿರಾಜು ದಿನಾ ಅವನ್ನು ಎತ್ತಿ ಎತ್ತಿ ಪಕ್ಕಕ್ಕಿಡುತ್ತಿದ್ದ. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಕೊನೆಗೆ ಮುನ್ನೂರನ್ನೂ ತೆಗೆದದ್ದು ದಿವ್ಯಾಳೇ, ಯಾರೂ ಹೇಳದೆ. ಆಮೇಲೆ ಭಾನುವಾರಗಳಲ್ಲಿ ನಾವಿಬ್ಬರೂ ನರ್ಸರಿಯ ಬೆಂಚಿನ ಮೇಲೆ ಕೂತು, ಮುನಿರಾಜು ಗಿರಾಕಿಗಳನ್ನು ವಿಚಾರಿಸುವುದನ್ನು ಕೇಳಿ ಬರೆಯತೊಡಗಿದೆವು. ಗಿರಾಕಿಗಳೇ ಕಡಿಮೆಯಾದ್ದರಿಂದ ಪುಟಗಳೂ ಕಡಿಮೆ. ತಮಿಳಿಗೆ ತಿರುಗಿಸಲು, ನನ್ನ ಕಾಗುಣಿತ ತಿದ್ದಲು ದಿವ್ಯಾ ಈಗಲೂ ಆ ಎಐಯನ್ನೇ ಕೇಳುತ್ತಾಳೆ. ತಿದ್ದುವುದರಲ್ಲಿ ಅದು ನನಗಿಂತ ಜಾಣ. ಆದರೆ ಪ್ರತಿ ಪುಟವನ್ನೂ ನಾನು ಮೊದಲಿಂದ ಕೊನೆಯವರೆಗೆ ಓದುತ್ತೇನೆ, ಸ್ಯಾಂಪಲ್ ಎತ್ತುವುದಿಲ್ಲ. ಒಂದರ ಹಾಗೆ ಇನ್ನೊಂದು ಬಂದರೆ ಕೆಂಪು ಡಬ್ಬಿಗೆ ಹಾಕುತ್ತೇನೆ. ಈ ವಯಸ್ಸಿನಲ್ಲಿ ಕಸುಬನ್ನು ತಲೆಕೆಳಗು ಮಾಡಿಕೊಳ್ಳುವುದು ಸುಲಭವಲ್ಲ.

ತಿಂಗಳುಗಟ್ಟಲೆ ಕಾದ ಮೇಲೆ ನಮ್ಮ ಪುಟ ಮತ್ತೆ ಮೇಲೆ ಬಂತು. ನಾನು ಗೆದ್ದೆ ಎಂದುಕೊಂಡೆ. ಆದರೆ ಅಷ್ಟರಲ್ಲಿ ಸರ್ಚು ಒಂದು ಹೊಸ ಅಭ್ಯಾಸ ಕಲಿತಿತ್ತು. ಯಾರ ಪುಟವನ್ನೂ ತೆರೆಯುವ ಕಷ್ಟ ಕೊಡದೆ, ಎಲ್ಲರದನ್ನೂ ತಾನೇ ಓದಿ, ಉತ್ತರವನ್ನು ತಾನೇ ಮೇಲೆ ಬರೆಯುತ್ತದೆ. ಹೋದ ಭಾನುವಾರ ದಿವ್ಯಾ ಅದನ್ನು ತೋರಿಸಿದಳು. ‘ಜವಳಗಿರಿ ಭಾಗದಲ್ಲಿ ಹಲಸು ನೆಡದಿರುವುದು ಒಳಿತು’ ಎಂದು ನನ್ನ ಮಾತನ್ನೇ ಇಸ್ತ್ರಿ ಮಾಡಿ ಹೇಳಿತ್ತು. ನಮ್ಮ ಹೆಸರು ಕೆಳಗೆ, ಇರುವೆ ಗಾತ್ರದಲ್ಲಿ. ಇನ್ನು ಸೈಟು ಯಾರು ತೆರೆಯುತ್ತಾರೆ ಎಂದು ದಿವ್ಯಾಳಿಗೆ ಅಳುವೇ ಬಂತು. ನನಗೆ ಸಿಟ್ಟು ಬಂತು.

ಮುನಿರಾಜು ಕಸಿ ಚಾಕು ಒರೆಸಿಕೊಳ್ಳುತ್ತಾ ಬಂದು ಕೇಳಿದ್ದು ಒಂದೇ. “ಬೇಡ ಅಂತ್ಲೇ ಹೇಳೈತಾ?”

“ಬೇಡ ಅಂತ್ಲೇ ಐತಪ್ಪ,” ಎಂದೆ.

“ಹಂಗಾದ್ರೆ ಬಿಡು. ಯಾರ್ ಹೇಳಿದ್ರೇನು, ನೆಡ್ದೆ ಇದ್ರೆ ಸಾಕು.”

ಅವನ ಮುಖದಲ್ಲಿ ನೆಮ್ಮದಿ ಇತ್ತು. ಮಾದಪ್ಪ ಬಂದು ಹೋದಂದಿನಿಂದ ನಾನು ಅದನ್ನು ಕಂಡಿರಲಿಲ್ಲ. ನನ್ನ ಸಿಟ್ಟು ಎಲ್ಲೋ ಇಳಿದುಹೋಯಿತು.

ಅಷ್ಟರಲ್ಲಿ ಫೋನು ಬಂತು. ಯಾರೋ ಆ ಉತ್ತರವನ್ನು ಓದಿ, ಕೆಳಗಿದ್ದ ನಮ್ಮ ಹೆಸರು ಹಿಡಿದೇ ಮಾಡಿದ್ದರು. ಹಲಸು ಬೇಡ ಎಂದಿದೆ ಸರಿ, ಬದಲಿಗೆ ಅದು ಹತ್ತು ಗಿಡದ ಹೆಸರು ಕೊಟ್ಟಿದೆ, ತಮ್ಮ ಹೊಲಕ್ಕೆ ಹತ್ತರಲ್ಲಿ ಯಾವುದು ಎಂದು ಕೇಳುತ್ತಿದ್ದರು. ಮುನಿರಾಜು ಚಾಕು ಕೆಳಗಿಟ್ಟು, ಬೆಂಚಿನ ಮೇಲೆ ಸಾವಕಾಶವಾಗಿ ಕೂತು, ಅಷ್ಟೆಲ್ಲ ಓದಿಕೊಂಡ ಯಂತ್ರ ಕೇಳದೆ ಬಿಟ್ಟಿದ್ದನ್ನು ಕೇಳಿದ.

“ಯಾವೂರು?”